ಅವ್ವನ ಮಣ್ಣಿನ ಮುಖ

ಶಿಲ್ಪಕಲೆ ಓದುತ್ತಿದ್ದ ಸುಗಂಧಿ ತೀರಿಹೋದ ಅವ್ವನನ್ನು ಜೇಡಿಮಣ್ಣಿನಲ್ಲಿ ಮಾಡಿ, ಸೀರೆ ಉಡಿಸಿ, ಒಲೆಯ ಮುಂದೆ ಕೂರಿಸಿ ಫೋಟೊ ತೆಗೆಯಲು ನಿಂತಳು.

"ಮುಖದಲ್ಲಿ ದುಃಖ ಸಾಲದು," ಎಂದಿತು ಕ್ಯಾಮೆರಾ.

ಸುಗಂಧಿ ಕೆನ್ನೆಯ ಮಣ್ಣು ಕೆರೆದಳು.

"ಇನ್ನೂ ಸಾಲದು."

ಕಣ್ಣುಗಳನ್ನು ಆಳವಾಗಿ ತೋಡಿದಳು. ಆಗ ಮಣ್ಣು ಮಾತಾಡಿತು: "ನಿನ್ನ ಅವ್ವ ನಗುಮುಖದವಳು. ಇನ್ನೂ ಕೆರೆದರೆ ನಾನು ಅವಳಾಗಿ ಉಳಿಯುವುದಿಲ್ಲ, ಮಗಳೇ."

"ನೋಡಿದವರು ಅಳಬೇಕಲ್ಲ," ಎನ್ನುತ್ತಾ ಸುಗಂಧಿ ತುಟಿಯನ್ನೂ ಕೆಳಗೆಳೆದಳು. ಕ್ಯಾಮೆರಾ ತೃಪ್ತಿಯಿಂದ ಕ್ಲಿಕ್ಕೆಂದಿತು.

ಪ್ರದರ್ಶನದಲ್ಲಿ ಆ ಫೋಟೊ ನೋಡಿ ಜನ ಕಣ್ಣೀರಿಟ್ಟರು. ಅಪ್ಪ ಮಾತ್ರ, "ಯಾರು ಮಗಾ ಈಕೆ?" ಎಂದು ಕೇಳಿದ. ಸುಗಂಧಿ ದಿಗಿಲುಬಿದ್ದು, ಕಣ್ಣು ಮುಚ್ಚಿ ಅವ್ವನನ್ನು ನೆನೆದಳು. ಗುಳಿಬಿದ್ದ ಕಣ್ಣಿನ ಆ ಮಣ್ಣಿನ ಮುಖವೇ ಎದುರಿಗೆ ಬಂದು, "ಇನ್ನು ನಾನೇ ಕಣೇ ನಿನ್ನ ಅವ್ವ," ಎಂದಿತು.