ಸಾಹೇಬರ ಕೊಡೆ, ಮಾಸ್ತಮ್ಮನ ಚಹಾ

ಚಂಡಮಾರುತಕ್ಕೆ ಮೀನು ಮಾರುವ ಮಾಸ್ತಮ್ಮನ ಮನೆಯ ತಗಡಿನ ಮಾಡು ಪೂರ್ತಿ ಹಾರಿಹೋಯ್ತು. ಎಲ್ಲಿಗೆ ಅಂತ ಕೇಳಬೇಡಿ, ಅದು ಹೇಳಿ ಹೋಗಲಿಲ್ಲ.

ಹಾನಿ ನೋಡೋಕೆ ಬಂದ ಸಾಹೇಬರು ಜೀಪಿನಿಂದ ಇಳಿಯಲೇ ಇಲ್ಲ. ಕೂತಲ್ಲಿಂದಲೇ ಇಣುಕಿ, "ಗೋಡೆ ಎಲ್ಲ ನಿಂತಿದೆ. ಮನೆ ಸರಿಯಾಗೇ ಉಂಟು. ಪರಿಹಾರ ಇಲ್ಲ" ಅಂದರು.

ಪರಿಹಾರ ಸಿಗದಿದ್ದರೆ ಮಳೆಗಾಲ ಮುಗಿಯೋವರೆಗೆ ಮಾಸ್ತಮ್ಮನ ಮಕ್ಕಳಿಗೆ ಹಾಸಿಗೆಯಲ್ಲೇ ಸ್ನಾನ.

ಮಾಸ್ತಮ್ಮ ಜಗಳ ಆಡಲಿಲ್ಲ. ತಲೆಯೆತ್ತಿ ಮೋಡ ನೋಡಿದಳು. "ಆಯ್ತು ಒಡೆಯಾ. ಒಳಗೆ ಬಂದು ಒಂದು ಲೋಟ ಚಹಾ ಕುಡೀರಿ" ಅಂದಳು.

ಚಹಾ ಅಂದಕೂಡಲೇ ಸಾಹೇಬರು ಕೊಡೆ ಹಿಡಿದು ಇಳಿದು, ಒಳಗೆ ಬಂದು ಕೂತರು. ಪಕ್ಕದ ಮನೆಯಿಂದ ಚಹಾ ತಂದು ಅವರ ಕೈಗಿಟ್ಟಳೋ ಇಲ್ಲವೋ, ಮಳೆ ಸುರೀತು. ಸಾಹೇಬರು ಗಡಬಡಿಸಿ ಕೊಡೆ ಎತ್ತಿಕೊಂಡರು. ಮಾಸ್ತಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಒಡೆಯಾ. ಮನೆಯೊಳಗೆ ಕೊಡೆ ಬಿಡಿಸಿದ್ರೆ ಅನಿಷ್ಟ. ನಿಮ್ಮನೇಲಿ ಬಿಡಿಸ್ತೀರಾ?"

"ನಮ್ಮನೆಗೆ ಮಾಡು ಉಂಟಲ್ಲ ಮಾರಾಯ್ತಿ."

"ಇಲ್ಲೂ ಎಲ್ಲ ಸರಿ ಉಂಟು ಅಂತ ನೀವೇ ಅಂದ್ರಲ್ಲ."

ನೀರು ಸಾಹೇಬರ ಬೋಳುತಲೆಯಿಂದ ಮೂಗಿಗೆ, ಮೂಗಿನಿಂದ ಲೋಟಕ್ಕೆ ಇಳೀತಿತ್ತು. ಕುಡಿದಷ್ಟೂ ಲೋಟ ತುಂಬ್ತಿತ್ತು.

"ಕೊಡೆ ಬಿಡು ಮಾರಾಯ್ತಿ. ಇದು ಒಳಗಲ್ಲ, ಹೊರಗೇ" ಅಂತ ಕೊನೆಗೆ ಒಪ್ಪಿದರು.

"ಹಾಗಾದ್ರೆ ಹಾಗೇ ಬರೀರಿ. ಕಾಗದ ಒದ್ದೆಯಾಗದ ಹಾಗೆ ಕೊಡೆ ನಾನು ಹಿಡೀತೇನೆ."

ಮಾಡು ಪೂರ್ತಿ ಹೋಗಿದೆ ಅಂತ ಬರೆದು, ಸಹಿ ಹಾಕಿ, ಸಾಹೇಬರು ಜೀಪಿಗೆ ಓಡಿದರು.

ಮಾಸ್ತಮ್ಮ ಹಿಂದಿನಿಂದ ಕರೆದಳು. "ಚಹಾ ಹಾಗೇ ಉಳೀತು ಒಡೆಯಾ. ಮಾಡು ಹಾಕಿದ ಮೇಲೆ ಬನ್ನಿ, ಆಗ ಲೋಟ ಖಾಲಿಯಾಗ್ತದೆ."