ಹುಲಿಗೆವ್ವ ಮುಳುಗಿದ ಊರನ್ನು ಆಟದಲ್ಲಿ ಕಟ್ಟಿದ್ದು

ಬಹಳ ಹಿಂದೆ ಒಂದೂರು ಇತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ, ಆ ಲೆಕ್ಕ ಇಟ್ಟವರೂ ಈಗಿಲ್ಲ. ಕಂಪ್ಯೂಟರಿನ ಪರದೆ ಬೆನ್ನಿಗೆ ಗೂನು ಹೊತ್ತುಕೊಂಡು ಮೇಜಿನ ಮೇಲೆ ಕೂರುತ್ತಿದ್ದ ಕಾಲ. ಊರಿಗೆ ಉತ್ತರಕ್ಕೆ ಹೊಳೆ, ನಡುವೆ ದೇಸಾಯರ ವಾಡೆ, ಪೂರ್ವಕ್ಕೆ ಊರ ಹೊರಗೆ ಹೋಗುವ ಅಗಸಿ ಬಾಗಿಲು, ದಕ್ಷಿಣಕ್ಕೆ ಕೇರಿ. ಕೇರಿ ಅಂದರೆ ಯಾವ ಕೇರಿ ಎಂದು ಬಿಡಿಸಿ ಹೇಳಬೇಕೆ? ಯಾರ ಕೈಯಿಂದ ಕೆಲಸ ಮಾಡಿಸಿಕೊಂಡು, ಅದೇ ಕೈಯಿಂದ ನೀರು ಕುಡಿಯುತ್ತಿರಲಿಲ್ಲವೋ ಅವರ ಕೇರಿ. ನಮ್ಮ ಕೇರಿ.

ಹೊಳೆಗೆ ಕೆಳಗೆಲ್ಲೋ ಅಣೆಕಟ್ಟು ಎದ್ದಿತು, ಊರು ಮುಳುಗುತ್ತದೆ ಎಂದು ಸುದ್ದಿ ಬಂತು. ಆಗ ವಾಡೆಯ ಬಾಪೂಸಾಹೇಬ, ಓದಿಕೊಂಡ ಹುಡುಗ, ಊರಿನ ಸಹಕಾರಿ ಸೊಸೈಟಿಯ ಕಂಪ್ಯೂಟರಿನ ಮುಂದೆ ಕೂತು ಒಂದು ಆಟ ಬರೆದನಂತೆ. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ಇಡೀ ಊರು. ಓಣಿ, ಬಾವಿ, ಕಟ್ಟೆ, ಮನೆ ಮನೆಯ ಬಾಗಿಲು. ನಡುವೆ ಒಂದು ಬಿಳಿ ಚುಕ್ಕಿ. ಆ ಚುಕ್ಕಿಯೇ ಆಟ ಆಡುವವರು. ಹೊಳೆ ಏರುತ್ತಾ ಬರುತ್ತದೆ, ಅಷ್ಟರೊಳಗೆ ಚುಕ್ಕಿ ತನ್ನ ಮನೆಗೆ ಹೋಗಿ ಸಾಮಾನು ಎತ್ತಿಕೊಂಡು ಅಗಸಿ ದಾಟಬೇಕು. ಜನ ಅದನ್ನು ಊರಾಟ ಎಂದು ಕರೆದರು. ಹುಡುಗರು ಮುದುಕರು ಎಲ್ಲರೂ ಸರದಿ ನಿಂತು ಆಡಿದರು ಅಂತಾರೆ.

ಆ ಆಟದಲ್ಲಿ ಎಲ್ಲರ ಮನೆಯೂ ಇತ್ತು. ಕೇರಿ ಇರಲಿಲ್ಲ. ದಕ್ಷಿಣಕ್ಕೆ ಬರೀ ಕತ್ತಲು. ಬಾಪೂಸಾಹೇಬ ಕೆಟ್ಟವನಲ್ಲ ಅಂತಾರೆ. ಇರಬಹುದು. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ ಅಂತಾರೆ. ನನಗೆ ಮೈ ಉರಿಯುವುದು ಅದಕ್ಕೇ. ಬೇಕೆಂದು ಬಿಟ್ಟಿದ್ದರೆ ನಾವು ಅವನ ತಲೆಯೊಳಗೆ ಇದ್ದೆವು ಎಂದಾದರೂ ಆಗುತ್ತಿತ್ತು.

ಸೊಸೈಟಿಯ ಅಂಗಳ ಗುಡಿಸುತ್ತಿದ್ದವಳು ಕೇರಿಯ ಫಕೀರವ್ವ. ಅವಳ ಮಗಳು ಹುಲಿಗೆವ್ವ. ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ಈ ಹುಡುಗಿ ಒಳಗೆ ಹೋಗಿ ಯಂತ್ರದ ಮುಂದೆ ಕೂತಳಂತೆ. ಚುಕ್ಕಿಯನ್ನು ಎಲ್ಲಿಗೆ ನಡೆಸಬೇಕು? ಎಲ್ಲರೂ ಅವರವರ ಮನೆಗೆ ನಡೆಸುತ್ತಿದ್ದರು, ಇವಳೂ ತನ್ನ ಮನೆಗೆ ನಡೆಸಿದಳು. ದಕ್ಷಿಣಕ್ಕೆ ನಡೆಸಿದಳು. ಚುಕ್ಕಿ ಕತ್ತಲಿಗೆ ಕಾಲಿಟ್ಟಿತು, ಯಂತ್ರ ಅಲ್ಲೇ ನಿಂತುಬಿಟ್ಟಿತು. ಅಲ್ಲಿ ಬಾಪೂಸಾಹೇಬ ಏನನ್ನೂ ಬರೆದಿರಲಿಲ್ಲವಲ್ಲ, ಯಂತ್ರವಾದರೂ ಏನು ಮಾಡೀತು? ಊಟ ಮುಗಿಸಿ ಬಂದ ಕಾರಕೂನ ಹುಡುಗಿಯ ಕಪಾಳಕ್ಕೆ ಹೊಡೆದ. ಕೇರಿಯವರು ಮುಟ್ಟಿದರೆ ಯಂತ್ರ ಕೆಡುತ್ತದೆ ಎಂದು ಊರೆಲ್ಲ ಹೇಳಿದ. ಅಂದಿನಿಂದ ಕೇರಿಯ ಮಕ್ಕಳಿಗೆ ಸೊಸೈಟಿಯ ಬಾಗಿಲು ಮುಚ್ಚಿತು.

ಊರು ಮುಳುಗಿತು. ಜನ ಗುಡ್ಡದ ಮೇಲೆ ಹೊಸ ಊರು ಕಟ್ಟಿಕೊಂಡರು. ಹಳೆಯದೆಲ್ಲ ನೀರಿಗೆ ಹೋದರೂ ಒಂದು ಬುದ್ಧಿ ಮಾತ್ರ ನೆನೆಯದೆ ಮೇಲೆ ಬಂತು: ಅಲ್ಲಿಯೂ ಕೇರಿಯನ್ನು ದಕ್ಷಿಣಕ್ಕೇ ಇಟ್ಟರು. ಬಾಪೂಸಾಹೇಬ ತೀರಿಕೊಂಡ. ಹಳೆಯ ಕಂಪ್ಯೂಟರ್ ಸತ್ತಿತು. ಆಟವಿದ್ದ ಫ್ಲಾಪಿಗೆ ಬೂಷ್ಟು ಹಿಡಿಯಿತು, ಹಿಡಿಯದಿದ್ದರೂ ಹೊಸ ಯಂತ್ರಗಳಿಗೆ ಅದನ್ನು ತೂರಿಸಲು ಬಾಯಿಯೇ ಇರಲಿಲ್ಲ.

ಹುಲಿಗೆವ್ವ ಬೆಳೆದಳು, ತಾಲೂಕಿನ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಳು. ಅವಳು ಗದರಿಸಿದರೆ ಸತ್ತ ಯಂತ್ರ ಎದ್ದು ಕೂರುತ್ತಿತ್ತು ಅಂತಾರೆ. ತಂತಿಯನ್ನು ನಾಲಿಗೆಗೆ ಹಚ್ಚಿ ರೋಗ ಹೇಳುತ್ತಿದ್ದಳು ಅಂತಾರೆ. ಅದು ನಿಜವೋ ಸುಳ್ಳೋ, ಅವಳ ನಾಲಿಗೆ ತಂತಿಗಿಂತ ಹೆಚ್ಚು ಶಾಕ್ ಕೊಡುತ್ತಿತ್ತು ಎಂದು ನನ್ನಜ್ಜಿ ಹೇಳುತ್ತಿದ್ದಳು. ನಗಬೇಡಿ. ಮುಂದಿನದು ನಗುವ ಮಾತಲ್ಲ.

ಹೊಸ ಊರಿನಲ್ಲಿ ಹುಟ್ಟಿದ ಮಕ್ಕಳು ಹಳೆಯ ಊರು ಹೇಗಿತ್ತು ಎಂದು ಕೇಳತೊಡಗಿದವು. ಹಿರಿಯರು ಊರಾಟ ನೆನಪಿಸಿಕೊಂಡು, ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಮಕ್ಕಳು ಆ ಗೆರೆಯೇ ಊರು ಎಂದು ನಂಬಿದವು. ಆಮೇಲೆ ಹಿರಿಯರೂ ನಂಬಿದರು. ನಮ್ಮ ಹಳೆಯ ಊರಲ್ಲಿ ಮೇಲು ಕೀಳು ಇರಲೇ ಇಲ್ಲ, ಬೇಕಾದರೆ ಊರಾಟದ ಗೆರೆ ನೋಡಿ, ಅದರಲ್ಲಿ ಕೇರಿ ಎಲ್ಲಿದೆ ಎಂದು ಕಟ್ಟೆಯ ಮೇಲೆ ಕೂತು ಹೇಳತೊಡಗಿದರು. ಕೇಳಿಸಿತೇ? ಮೊದಲು ಮರೆತರು. ಮರೆತದ್ದನ್ನೇ ಸಾಕ್ಷಿ ಮಾಡಿಕೊಂಡರು.

ಊರಿನ ಹಿರಿಯ ಚನಬಸಗೌಡ ಆ ಆಟವನ್ನು ಹೊಸ ಯಂತ್ರಗಳಲ್ಲಿ ಮತ್ತೆ ಮಾಡಿಸಬೇಕೆಂದು ಹೊರಟ. ಮಾಡಬಲ್ಲವಳು ಸುತ್ತಮುತ್ತ ಒಬ್ಬಳೇ. ಹುಲಿಗೆವ್ವನ ಅಂಗಡಿಗೆ ಬಂದು, ಹಳೆಯ ಆಟ ಇದ್ದ ಹಾಗೆಯೇ ಬೇಕು ಎಂದು ಕೇಳಿದ. ಅವಳು ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಮನೆಗೆ ಬಂದು ತಾಯಿಗೆ ಹೇಳಿದಳು. ಫಕೀರವ್ವ ಒಲೆಯ ಮುಂದಿಂದ ಎದ್ದು ಬಂದಳಂತೆ.

"ಬ್ಯಾಡ ಮಗಳ. ಆ ಆಟ ಮತ್ತ ಎದ್ದು ಕುಂತ್ರ ನಾವು ಆ ಊರಾಗ ಹುಟ್ಟೇ ಇಲ್ಲ ಅಂತ ಆಕ್ಕೈತಿ."

"ನಾ ಮಾಡದಿದ್ರ ಬ್ಯಾರೆ ಯಾರರ ಮಾಡ್ತಾರ ಯವ್ವಾ. ಆವಾಗ ನಾವು ಖರೇನ ಹುಟ್ಟಿಲ್ಲ ಅಂತ ಆಕ್ಕೈತಿ."

ಅವಳು ಆಟ ಮಾಡಿದ ರೀತಿಯನ್ನು ಈಗಲೂ ಹೇಳುತ್ತಾರೆ. ಹಳೆಯ ಯಂತ್ರದ ಕೀಲಿಮಣೆಯೊಂದನ್ನು ಮೇಜಿನ ಮೇಲಿಟ್ಟಳು. ಅದಕ್ಕೆ ತಂತಿಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಊರಾಟ ಆಡಿದ್ದವರನ್ನು ಒಬ್ಬೊಬ್ಬರಾಗಿ ಕೂರಿಸಿ, ಕಣ್ಣು ಮುಚ್ಚಿ ಮನೆಗೆ ನಡೆಯಿರಿ ಎಂದಳು. ತಲೆ ಮರೆತದ್ದನ್ನು ಬೆರಳು ಮರೆತಿರಲಿಲ್ಲ. ಬಾವಿಯ ಹತ್ತಿರ ಎಲ್ಲರ ಬೆರಳೂ ಎಡಕ್ಕೆ ತಿರುಗಿತು, ವಾಡೆಯ ಗೋಡೆಗೆ ಬಡಿದು ನಿಂತಿತು. ಅವಳು ಪಕ್ಕದಲ್ಲಿ ಕೂತು ಬೆರಳು ನಡೆದ ದಾರಿಯನ್ನೆಲ್ಲ ಬರೆದುಕೊಂಡಳು. ಕೊನೆಗೆ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳಿದಳು: ದಕ್ಷಿಣಕ್ಕೆ ಏನಿತ್ತು? ಏನೂ ಇರಲಿಲ್ಲ ಎಂದರು ಎಲ್ಲರೂ. ಅವರಲ್ಲಿ ಫಕೀರವ್ವನ ಕೈಯಿಂದ ಹೊಲದ ಕಳೆ ತೆಗೆಸಿದವರಿದ್ದರು, ಸತ್ತ ಎತ್ತು ಎಳೆಸಿದವರಿದ್ದರು. ಏನೂ ಇರಲಿಲ್ಲ ಎಂದರು. ಹುಲಿಗೆವ್ವನ ಸಿಟ್ಟಿಗೆ ಆ ಕೋಣೆಯಲ್ಲಿಟ್ಟ ಚಹಾ ಆರುತ್ತಲೇ ಇರಲಿಲ್ಲ ಅಂತಾರೆ.

ಊರವರದು ಮುಗಿದ ಮೇಲೆ ಅವಳು ಕೇರಿಯ ಹಿರಿಯರನ್ನು ಗುಡ್ಡದ ಬಯಲಿಗೆ ಕರೆದಳು. ಇವರ ಬೆರಳು ಕೀಲಿಮಣೆ ಮುಟ್ಟಿದ್ದಲ್ಲ, ಇವರ ಕಾಲನ್ನೇ ಕೇಳಬೇಕಿತ್ತು. ಕಣ್ಣು ಮುಚ್ಚಿ ನಡೆಯಿರಿ ಎಂದಳು, ತಾನು ಸುಣ್ಣದ ಪುಡಿ ಹಿಡಿದು ಹಿಂದೆ ಹಿಂದೆ ಗೆರೆ ಬಿಟ್ಟಳು. ಮುದುಕಿಯರು ಬರಿ ಬಯಲಲ್ಲಿ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋದರು, ಬೇವಿನ ಮರ ಸುತ್ತಿ ಬಂದರು. ನನ್ನ ಗೋಡೆ ತುಳಿದೆಯಲ್ಲೇ ಎಂದು ಒಬ್ಬಳು, ನಿನ್ನ ಗೋಡೆಯೇ ನನ್ನ ಜಾಗದಲ್ಲಿತ್ತು ಎಂದು ಇನ್ನೊಬ್ಬಳು ಜಗಳಕ್ಕೆ ನಿಂತರು. ಹುಲಿಗೆವ್ವ ಅಂದು ಒಂದೇ ದಿನ ನಕ್ಕದ್ದು ಅಂತಾರೆ. ನಡೆಯುತ್ತಾ ಅವರು ತಮ್ಮ ಕೈ ಊರಲ್ಲಿ ಏನೇನು ಮಾಡಿತ್ತೆಂದು ಹೇಳಿದರು. ಹೊಳೆಯ ಮೆಟ್ಟಿಲಿಗೆ ಕಲ್ಲು ಹೊತ್ತವರು ಇವರು. ಬಾವಿ ತೋಡಿದವರು ಇವರು. ವಾಡೆಯ ಗೋಡೆಗೆ ಮಣ್ಣು ತುಳಿದವರು, ಅಗಸಿಯ ತೊಲೆ ಎಳೆದವರು ಇವರು. ಹುಲಿಗೆವ್ವ ಅದನ್ನೂ ಆಟದೊಳಗೆ ಬರೆದಳು, ಯಾವ ಕಲ್ಲು ಯಾರ ಕೈಯದು ಎಂದು.

ಆಟ ಸಿದ್ಧವಾಯಿತು. ಸಮುದಾಯ ಭವನದ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಊರಿಗೆ ಊರೇ ಕೂತಿತು. ಮುಳುಗಿದ ಊರು ಗೋಡೆಯ ಮೇಲೆ ಎದ್ದು ಬಂದಾಗ ಗಂಡಸರೂ ಅತ್ತರು ಅಂತಾರೆ. ಚುಕ್ಕಿ ಓಣಿ ಓಣಿ ತಿರುಗಿತು, ಎಲ್ಲರ ಮನೆಗೂ ಹೋಯಿತು. ಆಮೇಲೆ ದಕ್ಷಿಣಕ್ಕೆ ನಡೆಯಿತು. ಅಲ್ಲಿ ಕೇರಿ ಇತ್ತು. ಬೇವಿನ ಮರ, ತಗ್ಗು ಬಾಗಿಲು, ಫಕೀರವ್ವನ ಮನೆ, ಎಲ್ಲವೂ ಇತ್ತು. ಭವನದಲ್ಲಿ ಅಳು ನಿಂತಿತು.

ಚನಬಸಗೌಡ ಎದ್ದು ನಿಂತ. ಮಾತು ಸವಿಯಾಗಿತ್ತು, ಕೆಲಸ ಆಗಬೇಕಿತ್ತಲ್ಲ.

"ಹಳೀ ಆಟದಾಗ ಇದು ಇರಲಿಲ್ಲ ಹುಲಿಗೆವ್ವ. ಇದೊಂದು ತಗದ್ ಬಿಡು."

ತೆಗೆಯುತ್ತೇನೆ ಎಂದಳು. ಕೇರಿಯ ಜನ ಬಾಗಿಲಲ್ಲಿ ನಿಂತಿದ್ದರು, ಅವರ ಎದೆ ಒಡೆಯಿತು. ಅವಳು ಗುಂಡಿ ಒತ್ತಿದಳು, ಕೇರಿ ಹೋಯಿತು. ಮುಂದೆ ಕೂತವರು ಉಸಿರು ಬಿಟ್ಟರು. ಬಿಟ್ಟ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹೊಳೆಯ ಮೆಟ್ಟಿಲು ಹೋದವು. ಬಾವಿ ಹೋಯಿತು. ಇದೇನು ಎಂದು ಯಾರೋ ಕೂಗಿದರು. ನೀವು ತೆಗೆ ಎಂದಿರಿ, ಕೇರಿಯ ಕೈಯದೆಲ್ಲ ಹೋಗುತ್ತಿದೆ ಎಂದಳು ಹುಲಿಗೆವ್ವ, ತಿರುಗಿಯೂ ನೋಡದೆ. ಹೊಲದ ಒಡ್ಡು ಹೋದವು. ವಾಡೆಯ ಗೋಡೆ ಜಾರಿತು, ಮಾಳಿಗೆ ಜಾರಿತು. ಗೌಡರ ಪಡಸಾಲೆ ಹೋಯಿತು, ಅಗಸಿ ಬಾಗಿಲು ಹೋಯಿತು. ಕೊನೆಗೆ ಅಷ್ಟು ದೊಡ್ಡ ಬಿಳಿ ಬಟ್ಟೆಯ ಮೇಲೆ ಕತ್ತಲು, ಕತ್ತಲ ನಡುವೆ ಒಂದು ಚುಕ್ಕಿ. ಗೌಡ ತಾನೇ ಹೋಗಿ ಗುಂಡಿ ಒತ್ತಿದ. ಚುಕ್ಕಿ ಅಲುಗಲಿಲ್ಲ, ಯಂತ್ರ ನಿಂತುಬಿಟ್ಟಿತ್ತು.

ಆಗ ಅವಳು ಎದ್ದಳು. ದನಿ ಏರಿಸಲಿಲ್ಲ ಅಂತಾರೆ.

"ಗೌಡ್ರ, ಈಗ ನೀವು ನಿಂತಲ್ಲಿ ನಾ ಸಣ್ಣಾಕಿದ್ದಾಗ ನಿಂತಿದ್ದೆ. ನನಗ ಕಪಾಳಕ್ಕ ಹೊಡದ್ರು. ನಿಮಗ ಯಾರು ಹೊಡೀಬೇಕ್ರಿ?"

ಅವಳು ಯಂತ್ರ ಎತ್ತಿಕೊಂಡು ತಾಯಿಯ ಮನೆಗೆ ಹೋದಳು.

ಆಮೇಲೆ ಊರಿಗೆ ಊಟ ಸೇರಲಿಲ್ಲ. ಒಂದು ಗಳಿಗೆ ತಮ್ಮ ಮನೆ ಕಂಡು, ಅದನ್ನು ಮತ್ತೆ ಕಳೆದುಕೊಂಡವರ ಸಂಕಟ ಅದು. ನನಗೆ ಅವರ ಮೇಲೆ ಕನಿಕರ ಬರುವುದಿಲ್ಲ. ನಮ್ಮವರಿಗೆ ಆ ಒಂದು ಗಳಿಗೆಯೂ ಸಿಕ್ಕಿರಲಿಲ್ಲ. ಕೊನೆಗೆ ತಡೆಯಲಾರದೆ ವಾಡೆಯ ದೊಡ್ಡ ಸೊಸೆ ಕೇರಿಗೆ ಬಂದಳು, ಫಕೀರವ್ವನ ಅಂಗಳದಲ್ಲಿ ನಿಂತು ನಮ್ಮ ಮನೆ ಕೊಡಿ ಎಂದು ಕೇಳಿದಳು. ಫಕೀರವ್ವ ಒಳಗಿನ ಕೊಡದಿಂದ ಒಂದು ತಂಬಿಗೆ ನೀರು ತುಂಬಿ ತಂದು ಹೊಸ್ತಿಲ ಮೇಲಿಟ್ಟಳು. ಕುಡಿ ತಂಗಿ, ಬಿಸಿಲಾಗ ಬಂದೀ ಅಂದಳು. ಅಷ್ಟೇ ಅಂದದ್ದು. ದೊಡ್ಡ ಸೊಸೆ ಬಹಳ ಹೊತ್ತು ತಂಬಿಗೆ ನೋಡಿದಳು. ಎತ್ತಿ ಕುಡಿದಳು. ಹುಲಿಗೆವ್ವ ಗುಂಡಿ ಒತ್ತಿದಳು, ಮೊದಲು ಕೇರಿ ಬಂತು, ಅದರ ಹಿಂದೆ ವಾಡೆ ಬಂತು.

ಒಬ್ಬೊಬ್ಬರಾಗಿ ಬಂದರು. ಬೈದುಕೊಂಡು ಬಂದವರಿದ್ದರು, ಮುಖ ಮುಚ್ಚಿಕೊಂಡು ಬಂದವರಿದ್ದರು. ನೀರು ಕುಡಿದವರ ಮನೆ ಬಂತು, ಅವರ ಓಣಿ ಬಂತು, ಬಾವಿ ಬಂತು. ಚನಬಸಗೌಡ ಬರಲಿಲ್ಲ. ಬಾಯಾರಿ ಸತ್ತರೂ ಬರುವುದಿಲ್ಲ ಎಂದನಂತೆ, ಹಾಗೆಯೇ ಸತ್ತನಂತೆ. ಊರಾಟದಲ್ಲಿ ಅವನ ಮನೆಯ ಜಾಗ ಕತ್ತಲಾಗಿಯೇ ಉಳಿಯಿತು.

ಹುಲಿಗೆವ್ವ ಹೋಗಿ ಎಷ್ಟೋ ಕಾಲವಾಯಿತು. ಯಂತ್ರಗಳು ಬದಲಾಗುತ್ತಲೇ ಇವೆ, ಬದಲಾದಾಗಲೆಲ್ಲ ಊರಾಟವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಕಟ್ಟುವವರು ಯಾರೇ ಆಗಲಿ, ಇವತ್ತಿಗೂ ಮೊದಲ ಗೆರೆ ಕೇರಿಯದು, ಹೊಳೆಯೂ ಆಮೇಲೆ. ಆಟ ಸಿದ್ಧವಾದ ದಿನ ಊರವರೆಲ್ಲ ಕೇರಿಗೆ ಬಂದು ಫಕೀರವ್ವನ ಹೊಸ್ತಿಲಲ್ಲಿ ನೀರು ಕುಡಿದು ಹೋಗುತ್ತಾರೆ. ಭಕ್ತಿಯಿಂದ ಕುಡಿಯುತ್ತೇವೆ ಎಂದು ಅವರು ಹೇಳುತ್ತಾರೆ. ಮನೆ ಹೋದೀತೆಂಬ ಹೆದರಿಕೆಯಿಂದ ಕುಡಿಯುತ್ತಾರೆ, ನನಗೆ ಗೊತ್ತು. ಗೌಡರ ವಂಶದವರೂ ಬರುತ್ತಾರೆ, ನೀರು ಮುಟ್ಟದೆ ಅಂಗಳದ ಆಚೆ ನಿಂತು ನೋಡುತ್ತಾರೆ, ಆ ಕತ್ತಲನ್ನು ಈ ಸಲವಾದರೂ ತುಂಬಿಸಿ ಎಂದು ಕಟ್ಟುವವರಿಗೆ ಹೇಳಿ ಕಳಿಸುತ್ತಾರೆ. ನಮ್ಮವರು ಯಾರ ಜೊತೆಗೂ ವಾದಕ್ಕೆ ಹೋಗುವುದಿಲ್ಲ. ತಂಬಿಗೆ ತುಂಬಿ ಹೊಸ್ತಿಲ ಮೇಲಿಟ್ಟು ಒಳಗೆ ಬರುತ್ತೇವೆ.