ಹೊಳೆಮಟ್ಟಿಯ ಕೆಟ್ಟ ಮಳೆ

ಹೊಳೆಮಟ್ಟಿ ಒಂದು ಚಿಕ್ಕ ಪೇಟೆ. ಬೇಸಿಗೆ ಕಾಯ್ದು ಕಾಯ್ದು ಒಂದು ಸಂಜೆ ಪಡುವಣದ ಮೋಡ ಕಪ್ಪಾಯಿತೆಂದರೆ ಅಲ್ಲಿ ಬೀಳುವುದು ಬರೀ ಮಳೆಯಲ್ಲ, ಆಲಿಕಲ್ಲು. ಮುತ್ತಜ್ಜರ ಕಾಲದಿಂದಲೂ ಅದು ಹಾಗೆಯೇ.

ಪೇಟೆಯ ಆಚೆ, ಹೊಳೆಯ ದಂಡೆಯಲ್ಲಿ, ತಗಡು ಹೊದಿಸಿದ ಒಂದು ಆಶ್ರಮ. ಅಲ್ಲಿ ಇದ್ದವರು ಇಬ್ಬರೇ: ಗುರು ನಿರ್ವಾಣಯ್ಯ, ಶಿಷ್ಯ ಕೊಟ್ರಯ್ಯ.

ಕೊಟ್ರಯ್ಯ ಬಂದ ವರ್ಷ ಮೊದಲ ಬಿರುಗಾಳಿಗೇ ನಡುಗಿಹೋದ. ತಗಡಿನ ಮೇಲೆ ಕಲ್ಲು ಸುರಿಯುತ್ತಿದ್ದಷ್ಟು ಹೊತ್ತು ಅಡುಗೆಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಗುರುಗಳು ಹೊರಗೆ ಪಡಸಾಲೆಯಲ್ಲೇ ಇದ್ದರು. ಮಳೆ ನಿಂತ ಮೇಲೆ ಅವರ ಮುಖ ನೋಡಲು ಅವನಿಗೆ ನಾಚಿಕೆ.

ಮರುದಿನ ಗಂಟು ಕಟ್ಟಿಕೊಂಡು ಬಂದು ಕಾಲಿಗೆ ಬಿದ್ದ.

“ಅಜ್ಜಾರ, ನಾ ಊರಿಗೆ ಹೊಕ್ಕೀನ್ರಿ. ಮಳಿಗೆ ಅಂಜೋನು ಎಂಥಾ ಸಾಧಕ?”

“ಹೋಗು,” ಅಂದರು ಗುರುಗಳು. “ಆದ್ರ ಈ ಊರಾಗ ಬಿದ್ದ ಮಳಿಯೊಳಗ ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಅಂತ ಹಿರಿಯರನ್ನ ಕೇಳಿ, ನನಗ ಹೇಳಿ ಹೋಗು.”

ಕೊಟ್ರಯ್ಯ ಕುಂಬಾರ ದ್ಯಾಮವ್ವನ ಮನೆಗೆ ಹೋದ. ಮುದುಕಿ ಅಂಗಳದಲ್ಲಿ ಒಡೆದ ಗಡಿಗೆಯ ಚೂರು ಗುಡಿಸುತ್ತಿದ್ದಳು.

“ಲಿಂಬಿಹಣ್ಣಿನಂಥ ಕಲ್ಲು ಬಿದ್ದ ವರ್ಷ ನನ್ನ ಗಡಿಗಿ ಒಂದೂ ಉಳೀಲಿಲ್ಲ ನೋಡಪಾ,” ಅಂದಳು. “ಓಣಿ ಮಂದಿಯೆಲ್ಲ ನಮ್ಮ ಪಡಸಾಲಿಗೆ ಓಡಿ ಬಂದ್ರು. ಬಸುರಿ ಗುಂಡವ್ವಗ ಅಲ್ಲೇ ಹೆರಿಗಿ ಆತು. ಹೊರಗ ಸಿಡಿಲು, ಒಳಗ ಕೂಸಿನ ಅಳು. ಯಾವುದು ಜೋರು ಅಂತ ಹೇಳಾಕ ಬರ್ತಿದ್ದಿಲ್ಲ!” ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

“ಹಂಗಾರ ಅದೇ ಕೆಟ್ಟ ಮಳಿ ಏನಬೇ?”

“ಅಲ್ಲೋ.” ದ್ಯಾಮವ್ವ ಗುಡಿಸುವುದನ್ನು ನಿಲ್ಲಿಸಿದಳು. “ಅದರ ಮುಂದಿನ ವರ್ಷ ಒಂದು ಸಣ್ಣ ಮಳಿ ಬಂತು. ಒಂದು ಗಡಿಗಿನೂ ಒಡೀಲಿಲ್ಲ. ಮನಿಯವರು ಸಂತಿಗೆ ಹೋಗಿದ್ರು, ನಾ ಒಬ್ಬಾಕಿನ ಇದ್ದೆ. ಅದು ಕೆಟ್ಟದ್ದು.”

ಅಲ್ಲಿಂದ ಗಾದಿ ಹೊಲಿಯುವ ನನ್ನೇಸಾಬನ ಅಂಗಡಿಗೆ ಹೋದ.

“ಗಾಳಿ ಬೇವಿನ ಮರಾನ ಕಿತ್ತು ನನ್ನ ಅಂಗಡಿ ಮ್ಯಾಲ ಕೆಡವಿತ್ತು, ತಮ್ಮಾ. ಹತ್ತಿಯೆಲ್ಲ ಊರ ತುಂಬ ಹಾರ್ತು. ಮರುದಿನ ಮಂದಿ ಆರಿಸಿ ಚೀಲ ತುಂಬಿ ತಂದುಕೊಟ್ರು, ಕೋಳಿಪುಕ್ಕ ಸುದ್ದಾ ಸೇರಿಸಿ!”

ಇಬ್ಬರೂ ನಕ್ಕರು. ಕೊಟ್ರಯ್ಯನಿಗೆ ಎಷ್ಟೋ ದಿನದ ಮೇಲೆ ನಗು ಬಂದಿತ್ತು.

“ಅದಕ್ಕಿಂತ ಕೆಟ್ಟದ್ದು ಬಂದಿತ್ತೇನು, ಕಾಕಾ?”

ನನ್ನೇಸಾಬ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. “ನಾನೂ ನಮ್ಮಣ್ಣನೂ ಜಗಳಾಡಿ ಬ್ಯಾರೆ ಆದ ವರ್ಷದ್ದು. ನಡುವ ಒಂದೇ ಗ್ವಾಡಿ. ಆ ಕಡೆ ಅವ ಎದ್ದು ಕುಂತಿದ್ದ, ಈ ಕಡೆ ನಾನು. ಯಾರೂ ಯಾರನ್ನೂ ಕರೀಲಿಲ್ಲ.”

ಕೊಟ್ರಯ್ಯ ಇನ್ನೂ ನಾಲ್ಕಾರು ಮನೆ ತಿರುಗಿದ. ಊರನ್ನೇ ಮುರಿದು ಹಾಕಿದ ಮಳೆಯ ಕಥೆ ಎಲ್ಲರೂ ಹೇಳಿದರು, ಚಹಾ ಕುಡಿಸಿ ಹೇಳಿದರು. ಕೆಟ್ಟದ್ದು ಅದೇ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ಅವನು ಪೇಟೆಯ ಕೊನೆಗೆ ಬರುವಷ್ಟರಲ್ಲಿ ಪಡುವಣ ಕಪ್ಪಾಗಿತ್ತು. ಗಾಳಿ ಎದ್ದಿತು. ಮೊದಲ ಕಲ್ಲು ಹೆಗಲಿಗೆ ಬಡಿಯಿತು. ಪಕ್ಕದಲ್ಲೇ ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಯಾರೋ “ಬಾರಪಾ, ಒಳಗ ಬಾ!” ಎಂದು ಕೂಗುತ್ತಿದ್ದರು.

ಅವನ ಕಣ್ಣು ಹೊಳೆಯ ದಂಡೆಯ ಕಡೆ ಹೊರಳಿತು. ಅಲ್ಲಿ ಆ ತಗಡಿನ ಕೆಳಗೆ ಗುರುಗಳು ಒಬ್ಬರೇ ಇದ್ದರು.

ಗಂಟನ್ನು ತಲೆಯ ಮೇಲೆ ಹಿಡಿದು ಓಡಿದ. ಎಡವಿದ, ಎದ್ದ, ಮತ್ತೆ ಓಡಿದ.

ಪಡಸಾಲೆಯಲ್ಲಿ ಗುರುಗಳು ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಿಂದ ಕಂಬವನ್ನು ತಬ್ಬಿ ಕೂತಿದ್ದರು.

“ಅಜ್ಜಾರ, ನಾ ಬಂದೀನ್ರಿ!”

ನಿರ್ವಾಣಯ್ಯ ಕಣ್ಣು ತೆರೆದರು. ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

“ಬಾರೋ ಕೊಟ್ರಾ, ಬಾಜೂಕ ಕೂಡು. ನನಗೂ ಅಂಜಿಕಿ.”